ಮೈಕ್ ಸೆಟ್ಟಿನೊಳಗೆ ನನ್ನ ಸಹಿ

ಹೆದರುಪುಕ್ಕಲನಿಗೆ ಫಜೀತಿ ಹುಡುಕಿಕೊಂಡು ಹೋಗುವ ಕಷ್ಟವಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ.

ಇಸವಿ ಎಂಬತ್ತರ ಸುಮಾರಿಗೆ ನಾನು ಸಾಗರದ ಒಂದು ಮೈಕ್ ಸೆಟ್ಟಿನ ಅಂಗಡಿಯಲ್ಲಿದ್ದೆ. ಮೆಕ್ಯಾನಿಕ್ ಜೋಡಿಸಿದ ಆಂಪ್ಲಿಫೈಯರನ್ನು ಬಿಚ್ಚಿ, ಒಂದೊಂದೇ ವೈರು ನೋಡಿ, ಒಳಗೆ ‘ಪರೀಕ್ಷಿಸಿದೆ’ ಎಂಬ ಚೀಟಿ ಅಂಟಿಸಿ ಸಹಿ ಹಾಕುವುದು ನನ್ನ ಕೆಲಸ. ಸಿಕ್ಕಿಸಿದ್ದು ಮಾತಾಡುವ ಮೈಕೋ ಕೂಗುವ ಹಾರ್ನೋ ಎಂದು ಆ ಪೆಟ್ಟಿಗೆಗೆ ಗುರುತು ಸಿಗುವುದಿಲ್ಲ. ಗುರುತು ಹಿಡಿಯಬೇಕಾದವನು ನಾನು. “ನೀನು ಸಹಿ ಹಾಕಿದ ಸೆಟ್ಟು ಮೂರು ಸಲ ವಾಪಸ್ ಬಂದ್ರೆ ಮನೆಗೆ ಹೋಗ್ಬೋದು” ಎಂದಿದ್ದರು ಮಾಲೀಕರು. ಅಂದಿನಿಂದ ಸಹಿ ಹಾಕುವ ಮೊದಲು ದೇವರಿಗೆ ಕೈ ಮುಗಿಯುತ್ತಿದ್ದೆ.

೧

ಬ್ಯಾಕೋಡಿನಿಂದ ಸೆಟ್ಟು ವಾಪಸ್ ಬಂತು: ಸದ್ದೇ ಇಲ್ಲವಂತೆ. ಅದನ್ನು ಹೊತ್ತು, ಹಿನ್ನೀರು ದಾಟುವ ಲಾಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಹೋದೆ. ನೋಡಿದರೆ ಸೆಟ್ಟು ಕೊಂಡವರ ಮನೆಗೆ ಕರೆಂಟೇ ಇಲ್ಲ!

“ಕರೆಂಟ್ ಹುಟ್ಟೋ ನೀರು ಮನೆ ಎದುರಿಗೇ ಇದೆ, ಕಂಬಾನೂ ಬಂದಿದೆ, ತಂತಿ ಒಂದು ಬರ್ಬೇಕು” ಎಂದರು ಯಜಮಾನರು. “ಪರೀಕ್ಷಿಸಿದೆ ಅಂತ ಸಹಿ ಹಾಕಿದೀರಲ್ಲ, ಅದನ್ನೂ ನೋಡಿರ್ತೀರಿ ಅಂದ್ಕೊಂಡೆ.”

೨

ಆ ಹೆದರಿಕೆಗೆ, ಹೊಸನಗರದ ಶಾಲೆಯ ಸೆಟ್ಟನ್ನು ವಾರವಿಡೀ ಹಾಕಿ ಆರಿಸಿ ನೋಡಿದೆ. ಶಾಲೆಯಲ್ಲಿ ಮೊದಲ ಸಲ ಹಾಕುವಾಗಲೇ ಸ್ವಿಚ್ಚು ಕಿತ್ತು ಮೇಷ್ಟರ ಕೈಗೆ ಬಂತಂತೆ; ಸೆಟ್ಟು ಹೊತ್ತುಕೊಂಡು ಅವರೇ ಅಂಗಡಿಗೆ ಬಂದರು.

“ಹೊಸದು ಅಂದ್ರಿ. ನಮಗಿಂತ ಮೊದ್ಲು ಯಾರೋ ಪೂರ್ತಿ ಬಳಸಿ ಮುಗಿಸಿದಾರಲ್ರೀ?”

೩

ಮೂರನೆಯದು ತೀರ್ಥಹಳ್ಳಿಯಲ್ಲಿ, ಅದೂ ಮಾಲೀಕರ ಮಗಳ ಮದುವೆಗೆ. ಹೊರಡುವ ಗಡಿಬಿಡಿಯಲ್ಲಿ ಪೆಟ್ಟಿಗೆ ಬಿಚ್ಚದೆ ಸಹಿ ಹಾಕಿಬಿಟ್ಟಿದ್ದೆ. ಚಪ್ಪರದಲ್ಲಿ ‘ಹಲೋ’ ಎಂದರೆ ಮೈಕು ಉಸಿರೆತ್ತಲಿಲ್ಲ. ಅಡುಗೆಮನೆಯ ಹಿಂದೆ ಎದೆಮಟ್ಟದಲ್ಲಿ ಕಟ್ಟಿದ್ದ ಹಾರ್ನಿನ ಬಳಿಗೆ ಮೆಕ್ಯಾನಿಕ್ಕನನ್ನು ಎಳೆದುಕೊಂಡು ಓಡಿದೆ.

ಯಾರಿಗೂ ಕೇಳದಿರಲೆಂದು ಹಾರ್ನಿನ ಬಾಯಿಗೆ ತಲೆ ಹಾಕಿ ಗೋಳಾಡಿದೆ: “ನಾನು ಇದನ್ನ ಬಿಚ್ಚೇ ನೋಡಿಲ್ಲ ಮಾರಾಯಾ! ಮಾಲೀಕ್ರಿಗೆ ಗೊತ್ತಾದ್ರೆ ಸೀಳಿ ಹಾಕ್ತಾರೆ. ಅಂಗಡೀಲಿ ಹುಲಿ ಅವ್ರು. ಮನೇಲಿ ಹೆಂಡ್ತಿ ಎದುರು ಬೆಕ್ಕಂತೆ, ಆದ್ರೆ ಅದ್ರಿಂದ ನಮಗೇನು ಬಂತು?”

ಮೆಕ್ಯಾನಿಕ್ ಪೆಟ್ಟಿಗೆಯೊಳಗೆ ಆ ಹಾರ್ನಿನ ವೈರನ್ನು ಮೈಕಿನ ಜಾಗಕ್ಕೆ, ಮೈಕಿನದನ್ನು ಹಾರ್ನಿನ ಜಾಗಕ್ಕೆ ಜೋಡಿಸಿದ್ದ. ಅಲ್ಲಿಗೆ ಸೇರಿದರೆ ಹಾರ್ನೂ ಮೈಕಿನ ಕೆಲಸ ಮಾಡುತ್ತದೆ. ನನ್ನ ಮಾತೆಲ್ಲ ರಸ್ತೆ ಕಡೆಯ ಹಾರ್ನಿನಲ್ಲಿ, ದಿಬ್ಬಣದವರು ಇಳಿಯುತ್ತಿದ್ದಾಗಲೇ, ಒಂದಕ್ಷರ ಬಿಡದೆ ಮೊಳಗಿತ್ತು.

ಮಾಲೀಕರು ಕೆಂಡವಾಗಿ ಬಂದರು. ನಾನು ಮೆಕ್ಯಾನಿಕ್ಕನ ಬೆನ್ನ ಹಿಂದೆ ಸರಿದೆ.

“ನಾಳೆಯಿಂದ ನೀನು ಅಂಗಡಿಗೆ...”

ಹಿಂದಿನಿಂದ ಅವರ ಹೆಂಡತಿಯ ದನಿ ಬಂತು: “ಅಂಗಡಿಗೆ ಎಂತ?”

ಮಾಲೀಕರು ತಿರುಗಿ ನೋಡಿದರು.

“...ಸ್ವಲ್ಪ ಬೇಗ ಬಾ ಅಂತಿದ್ದೆ, ಅಷ್ಟೇ ಕಣೇ.”