ತಳ್ಳಬೇಕಿಲ್ಲದ ಕಾರು

ಮತ್ತಿಕೆರೆಯ ಆ ಗಲ್ಲಿಯ ಕೆಸರು ಮುಂಗಾರಿನಲ್ಲಿ ಹುಟ್ಟಿ ದೀಪಾವಳಿಯವರೆಗೆ ಬದುಕುತ್ತಿತ್ತು. ಎತ್ತಿನ ಗಾಡಿ ಅದನ್ನು ದಾಟುತ್ತಿತ್ತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟಬಹುದಿತ್ತು. ಎಮ್ಮೆಗಳಂತೂ ದಾಟುವ ಮನಸ್ಸೇ ಇಲ್ಲದೆ ಅಲ್ಲೇ ಮಲಗುತ್ತಿದ್ದವು. ದಾಟಲಾರದ್ದು ಒಂದೇ, ಸಂಗಪ್ಪನ ಕಾರು.

ಅದು ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಯಶವಂತಪುರದ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಇಂಗ್ಲಿಷ್ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಅದನ್ನು ಅಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದ ಸಂಗಪ್ಪನಿಗೆ ಬಿಟ್ಟುಹೋಗಿದ್ದ. ಬಾಗಲಕೋಟೆ ಕಡೆಯ ಸಂಗಪ್ಪ ಮಾತು ಕಡಿಮೆಯ ಮನುಷ್ಯ. ಬದುಕಿನಲ್ಲಿ ಅವನು ಮಾಡಿದ ಒಂದೇ ಗದ್ದಲದ ಕೆಲಸವೆಂದರೆ ಆ ಕಾರನ್ನು ಮನೆಗೆ ತಂದದ್ದು. ಇಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಕೆಸರಿಗೆ ಇಳಿದರೆ ಅವು ರುಬ್ಬುಗುಂಡಿನಂತೆ ಇದ್ದಲ್ಲೇ ತಿರುಗುತ್ತಿದ್ದವು. ಮುಂದಿನ ಎರಡು, ಮದುವೆ ಮನೆಗೆ ಬಂದ ಗಂಡಿನ ಕಡೆಯವರಂತೆ ಸುಮ್ಮನೆ ನಿಂತಿರುತ್ತಿದ್ದವು.

ಹೀಗಾಗಿ ಬೆಳಿಗ್ಗೆ ಸಂಗಪ್ಪ ಕೆಲಸಕ್ಕೆ ಹೊರಟನೆಂದರೆ ಮನೆ ಮಾಲೀಕ ಬ್ಯಾಟರಾಯಪ್ಪ, ಎದುರು ಮನೆಯ ಮುನಿಕೃಷ್ಣಮ್ಮ ಮತ್ತು ಸಂಗಪ್ಪನ ಹೆಂಡತಿ ಶಿವಲಿಂಗವ್ವ, ಮೂವರೂ ಕಾರಿನ ಹಿಂದೆ ನಿಂತು ತಳ್ಳಬೇಕಿತ್ತು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಶಿವಲಿಂಗವ್ವ ಎಂದಿನಂತೆ ತಳ್ಳಿದಳು. ಅಂದು ಗಾಲಿ ಎರಚಿದ ಕೆಸರಿಗೆ ಅಡಿಯಿಂದ ಮುಡಿಯವರೆಗೆ ನೆಂದಳು. ಒಳಗೆ ಹೋಗಿ ಸೀರೆ ಬದಲಿಸಿದಳು, ಚೀಲ ಹಿಡಿದು, ಗಲ್ಲಿಯ ತುದಿಯಲ್ಲಿ ಗಾಲಿ ತೊಳೆಯುತ್ತಿದ್ದ ಸಂಗಪ್ಪನ ಬಳಿಗೆ ಬಂದಳು. “ಊರಿಗೆ ಹೋಗಿ ಬರ್ತೀನ್ರಿ” ಎಂದಳು. “ಹೂಂ” ಎಂದ ಸಂಗಪ್ಪ. ಅವಳು ಯಾಕೆಂದು ಹೇಳಲಿಲ್ಲ. ಅವನು ಕೇಳಲಿಲ್ಲ. ದಸರೆ ಬಂದರೂ ಅವಳು ಬರಲಿಲ್ಲ. ಒಬ್ಬನೇ ಕೂತು ಅನ್ನ ಸಾರು ಉಣ್ಣುತ್ತ ಸಂಗಪ್ಪ ತಾನೇ ಕಾರಣ ಕಂಡುಕೊಂಡ. ತಳ್ಳಿ ತಳ್ಳಿ ಸಾಕಾಗಿ ಹೋಗಿದ್ದಾಳೆ.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಆರ್.ಟಿ. ನಗರದ ಗ್ಯಾರೇಜಿನ ಖಾದರ್ ಬಾಷಾನನ್ನು ಕರೆಸಿ ಇಷ್ಟೇ ಹೇಳಿದ: “ನಾಲ್ಕೂ ಗಾಲಿ ಎಳೀಬೇಕು.”

ಖಾದರ್ ಬಾಷಾ ಮಿಲಿಟರಿ ಹರಾಜಿನ ಹಳೆ ಜೀಪೊಂದರ ಮುಂದಿನ ಗಾಲಿಗಳನ್ನು ತಿರುಗಿಸುವ ಆಕ್ಸಲ್ಲನ್ನೂ, ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಗೇರ್ ಪೆಟ್ಟಿಗೆಯನ್ನೂ ತಂದು ಅಂಗಳದಲ್ಲಿ ಹರಡಿದ. ಕೆಲಸ ಮುಗಿಯುತ್ತ ಬಂದಾಗ, ಬಾಗಲಕೋಟೆ ಕಡೆ ಹೊರಟಿದ್ದ ಒಬ್ಬರ ಕೈಲಿ ಸಂಗಪ್ಪ ಶಿವಲಿಂಗವ್ವನಿಗೆ ಹೇಳಿ ಕಳಿಸಿದ. ಇನ್ನು ಮೇಲೆ ಕಾರು ದಬ್ಬಬೇಕಾಗಿಲ್ಲ, ಬಾ ಎಂದು. ಎರಡು ತಿಂಗಳು ಸುದ್ದಿಯೇ ಇಲ್ಲದವಳು ಕೂಡಲೇ ಮರುಸುದ್ದಿ ಕಳಿಸಿದಳು. ಭಾನುವಾರ ಮಧ್ಯಾಹ್ನದ ರೈಲಿಗೆ ಯಶವಂತಪುರಕ್ಕೆ ಬರುತ್ತೇನೆ.

ಸಂಗಪ್ಪ ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಅವಳ ಕಾಲಿಗೆ ಕೆಸರು ತಾಗದಂತೆ, ಯಾರ ಕೈಯೂ ಮುಟ್ಟದಂತೆ ಕಾರು ಬಾಗಿಲಿಗೆ ಬಂದು ನಿಲ್ಲಬೇಕು. ಇಲ್ಲವಾದರೆ ಅವಳು ಅದೇ ಚೀಲ ಹಿಡಿದು ಮತ್ತೆ ಹೊರಡುತ್ತಾಳೆ, ಈ ಸಲ ದಸರೆಗೆ ಮಾತ್ರವಲ್ಲ, ಎಂದೆಂದಿಗೂ ಬರುವುದಿಲ್ಲ.

ಭಾನುವಾರ ಬೆಳಿಗ್ಗೆ ಕಾರಿನ ಕೆಳಗಿನಿಂದ ಖಾದರ್ ಬಾಷಾನ ದನಿ ಬಂತು. “ಸಾಬ್, ಜೀಪಿನ ಆಕ್ಸಲ್ಲಲ್ಲಿ ಶಾಫ್ಟ್ ಸೇರೋ ಹೊಟ್ಟೆ ಬಲಕ್ಕೈತೆ. ಗೇರ್ ಪೆಟ್ಟಿಗೆಯಿಂದ ನಮ್ ಶಾಫ್ಟ್ ಬರೋದು ಎಡಕ್ಕೆ. ಎರಡೂ ಮುಖ ನೋಡ್ತಾ ಇಲ್ಲ.”

ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಬ್ಯಾಟರಾಯಪ್ಪ ಎದ್ದು ಬಂದ. “ಅದುಕ್ಯಾಕೆ ತಲೆ ಕೆಡಿಸ್ಕೊಂತೀಯ ಬಾಷಾ. ದೋಸೆ ಮಗುಚಾಕ್ದಂಗೆ ಮಗುಚಾಕು. ಬಲಕ್ಕಿದ್ದಿದ್ದು ಎಡಕ್ ಬತ್ತದೆ.”

ಬ್ಯಾಟರಾಯಪ್ಪನ ಬಾಯಿಂದ ಉಪಯೋಗದ ಮಾತು ಬಂದದ್ದಕ್ಕೆ ಖಾದರ್ ಬಾಷಾ ಎಷ್ಟು ಬೆರಗಾದನೆಂದರೆ ಅದು ಸರಿಯೋ ತಪ್ಪೋ ಯೋಚಿಸಲೇ ಇಲ್ಲ. ಸಂಗಪ್ಪನೂ ತಲೆಯಾಡಿಸಿದ. ಕಾಗದದ ಮೇಲೆ ಗೆರೆಗೆ ಗೆರೆ ಕೂಡಿದರೆ ಅವನ ಕೆಲಸ ಮುಗಿಯಿತು. ಗೆರೆಗಳು ಯಾವ ಕಡೆ ತಿರುಗುತ್ತವೆಂದು ಕಾಗದ ಹೇಳುವುದಿಲ್ಲ. ಆಕ್ಸಲ್ಲು ಮಗುಚಿ ಕೂತಿತು. ಶಾಫ್ಟು ಸೇರಿತು.

ಕಾರನ್ನು ಗಲ್ಲಿಗೆ ಇಳಿಸಿದರು. ನೋಡಲು ಬ್ಯಾಟರಾಯಪ್ಪ ಮುಂದೆ ನಿಂತ, ಮುನಿಕೃಷ್ಣಮ್ಮ ಹಿಂದೆ ನಿಂತಳು. ಸಂಗಪ್ಪ ಫಸ್ಟ್ ಗೇರ್ ಹಾಕಿದ.

ಹಿಂದಿನ ಗಾಲಿಗಳು ಮುಂದಕ್ಕೆ ತಿರುಗಿದವು. ಮುಂದಿನ ಗಾಲಿಗಳು ಹಿಂದಕ್ಕೆ ತಿರುಗಿದವು. ಕಾರು ಚಳಿ ಹಿಡಿದವರಂತೆ ಗಡಗಡ ನಡುಗಿತು, ಇಂಚೂ ಅಲುಗಲಿಲ್ಲ, ನಾಲ್ಕು ಗುಂಡಿ ತೋಡಿಕೊಂಡು ಹೊಟ್ಟೆಯ ಮೇಲೆ ಕೂತಿತು. ಹಿಂದಿನ ಗಾಲಿಗಳು ಮುನಿಕೃಷ್ಣಮ್ಮನಿಗೂ ಮುಂದಿನವು ಬ್ಯಾಟರಾಯಪ್ಪನಿಗೂ ಭೇದವಿಲ್ಲದೆ ಕೆಸರು ಬಡಿಸಿದವು.

ಬ್ಯಾಟರಾಯಪ್ಪನ ಬೀಡಿ ಆರಿತ್ತು.

“ಅಲ್ಲ ಕಣ್ರಪ್ಪ,” ಎಂದಳು ಮುನಿಕೃಷ್ಣಮ್ಮ ಕಣ್ಣು ಒರೆಸಿಕೊಳ್ಳುತ್ತ, “ಒಂದು ಮುಂದುಕ್ ಎಳೀತದೆ, ಒಂದು ಇಂದುಕ್ ಎಳೀತದೆ. ಇದೇನು ಕಾರಾ, ಸಂಸಾರನಾ?”

“ಮಗುಚಿದ್ದಕ್ಕೆ ಉಲ್ಟಾ ಆಯ್ತು ಸಾಬ್,” ಎಂದ ಖಾದರ್ ಬಾಷಾ ತಲೆ ಕೆರೆಯುತ್ತ. “ಸೀದಾ ಮಾಡಿದ್ರೆ ಶಾಫ್ಟ್ ಸೇರಲ್ಲ. ಮುಂದಿನ ಶಾಫ್ಟ್ ಬಿಚ್ಚಿಬಿಡ್ತೀನಿ. ಮೊದಲಿನ ಥರಾನೇ ಓಡ್ತದೆ.”

“ಮೊದಲಿನಂಗ ಅಂದ್ರ ದಬ್ಬಬೇಕಾಗತೈತಿ,” ಎಂದ ಸಂಗಪ್ಪ.

“ತಳ್ಳಾಕೆ ನಾವಿಲ್ವಾ?” ಎಂದ ಬ್ಯಾಟರಾಯಪ್ಪ.

“ಬ್ಯಾಡ. ಇವತ್ತ ಯಾರೂ ಕೈ ಹಚ್ಚೂದು ಬ್ಯಾಡ.” ಸಂಗಪ್ಪನ ದನಿ ಇಷ್ಟು ಏರಿದ್ದನ್ನು ಆ ಗಲ್ಲಿ ಕೇಳಿರಲಿಲ್ಲ.

ಬ್ಯಾಟರಾಯಪ್ಪನ ಮುಖ ಸಣ್ಣದಾಯಿತು. “ನಮ್ ಕೈ ಈಗ ಮೈಲಿಗೆ ಆಗೋಯ್ತು ನೋಡು ಮುನಿಕೃಷ್ಣಮ್ಮ,” ಎಂದು ಹೋಗಿ ಕಟ್ಟೆಯ ಮೇಲೆ ಕೂತ.

ಖಾದರ್ ಬಾಷಾ ಎರಡು ಚಹಾ ಕುಡಿದು ಯೋಚಿಸಿದ. “ಹಂಗಾದ್ರೆ ಹಿಂದಿಂದೂ ಮಗುಚಿಬಿಡಾಣ ಸಾಬ್. ನಾಲ್ಕೂ ಒಂದೇ ಕಡೆ ತಿರುಗ್ತವೆ.”

ಎಲ್ಲರಿಗೂ ಸರಿ ಎನಿಸಿತು. ಯಾವ ಕಡೆ ಎಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ರೈಲಿನ ಹೊತ್ತಾಗುತ್ತಿತ್ತು. ಸಂಗಪ್ಪ ಕೈ ತೊಳೆದು ಇಸ್ತ್ರಿ ಅಂಗಿ ತೊಟ್ಟು, ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟ. ನಾಲ್ಕೂ ಗಾಲಿಗಳು ಒಂದೇ ಮನಸ್ಸಿನಿಂದ ಕೆಸರನ್ನು ಕಚ್ಚಿದವು. ಕಾರು ಹಿಂದಕ್ಕೆ ಹಾರಿ ಮುನಿಕೃಷ್ಣಮ್ಮನ ಬೆರಣಿ ರಾಶಿಯೊಳಗೆ ಅರ್ಧ ಹೊಕ್ಕು ನಿಂತಿತು.

ಸಂಗಪ್ಪ ಬಗ್ಗಿ ಗೇರಿನ ಕೋಲನ್ನು ನೋಡಿದ, ಅದು ಫಸ್ಟಿನಲ್ಲೇ ಇತ್ತು.

“ಈಗ ಹಿಂದಕ್ಕೆ ನಾಲ್ಕು ಗೇರ್, ಮುಂದಕ್ಕೆ ಒಂದು,” ಎಂದ ಖಾದರ್ ಬಾಷಾ, ಸತ್ತವರ ಮನೆಯ ಮುಂದೆ ಮಾತಾಡುವವನಂತೆ. “ರಿವರ್ಸ್ ಹಾಕಿದ್ರೆ ಮುಂದಕ್ಕೆ ಹೋಗ್ತದೆ ಸಾಬ್. ಆದ್ರೆ ಆಮೆ ಥರ.”

ಆಮೆಯ ಮೇಲೆ ಕೂತು ರೈಲು ಹಿಡಿಯಲು ಸಾಧ್ಯವಿರಲಿಲ್ಲ. ಸಂಗಪ್ಪ ರಿವರ್ಸ್ ಹಾಕಿ ಕಾರನ್ನು ಬೆರಣಿ ರಾಶಿಯಿಂದ ಹೊರಗೆ ತಂದ, ಕುತ್ತಿಗೆ ಹಿಂದಕ್ಕೆ ಹೊರಳಿಸಿದ, ಸೆಕೆಂಡ್ ಗೇರ್ ಹಾಕಿದ. ಕಾರು ಬಾಲ ಮುಂದೆ ಮಾಡಿಕೊಂಡು ಗಲ್ಲಿಯ ಕೆಸರನ್ನು ದೋಣಿಯಂತೆ ಸೀಳಿ ದಾಟಿತು. ಯಾರೂ ತಳ್ಳಲಿಲ್ಲ. ಆ ಗೆಲುವನ್ನು ನೋಡಬೇಕಾದವಳು ಇನ್ನೂ ರೈಲಿನಲ್ಲಿದ್ದಳು.

ಮುಖ್ಯರಸ್ತೆಯಲ್ಲಿ ಥರ್ಡ್ ಗೇರ್. ಎದುರಿಗೆ ಬಂದ ಸೈಕಲ್ಲಿನವರು ಇಳಿದು ನಿಂತರು. ಯಶವಂತಪುರದ ವೃತ್ತದಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದ. ಹಿಡಿದ ಮೇಲೆ ಯಾವ ತುದಿಯನ್ನು ಗದರಿಸಬೇಕೆಂದು ತಿಳಿಯದೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ.

“ಯಾವ ಕಡೆ ಹೋಗ್ತಾ ಇದೀರ?”

“ಸ್ಟೇಶನ್ನಿಗೆ.”

“ಕಾರು?”

“ಅದೂ ಅಲ್ಲಿಗೇ ರೀ.”

ಪೊಲೀಸಪ್ಪ ಟೋಪಿ ತೆಗೆದು ಹಣೆ ಒರೆಸಿಕೊಂಡ. ಇಪ್ಪತ್ತು ವರ್ಷದ ಕೆಲಸದಲ್ಲಿ ಕಲಿತದ್ದು ಯಾವುದೂ ಅವನ ನೆರವಿಗೆ ಬರಲಿಲ್ಲ. “ನಾನು ನೋಡಿಲ್ಲ, ಹೋಗಿ,” ಎಂದ.

ಸ್ಟೇಶನ್ನಿನಲ್ಲಿ ಅದಕ್ಕಿಂತ ದೊಡ್ಡ ಆಘಾತ ಕಾದಿತ್ತು. ರೈಲು ಹೊತ್ತಿಗೆ ಸರಿಯಾಗಿ ಬಂದು ಹೋಗಿತ್ತು. ಪ್ಲಾಟ್‌ಫಾರಂ ಖಾಲಿ. ಬೆಂಚಿನ ಮೇಲೆ ಕಾಲು ಚಾಚಿದ್ದ ಕೂಲಿಯವನು ಹೇಳಿದ: “ಇಳಕಲ್ ಸೀರೆ ಅಮ್ಮ ತಾನೆ? ಭಾಳ ಅರ್ಜೆಂಟಲ್ಲಿದ್ರು. ಆಟೋ ಹತ್ತಿ ಹೊಂಟೋದ್ರು.”

ಆಟೋ ಎಂದರೆ ಮೂರು ಗಾಲಿ. ಗಲ್ಲಿಯ ಕೆಸರಿಗೆ ಮೂರು ಗಾಲಿ ಯಾವ ಲೆಕ್ಕ? ಅವನು ಕಾರು ಹತ್ತಿ ನಾಲ್ಕನೇ ಗೇರಿನಲ್ಲಿ ಹಿಮ್ಮುಖವಾಗಿ ಮತ್ತಿಕೆರೆಗೆ ಹಾರಿದ. ಪೊಲೀಸಪ್ಪ ದೂರದಿಂದಲೇ ಕಂಡು ಗೋಡೆಯ ಕಡೆ ಮುಖ ತಿರುಗಿಸಿದ.

ಅಂದುಕೊಂಡದ್ದೇ ಆಗಿತ್ತು. ಗಲ್ಲಿಯ ನಡುವೆ ಆಟೋ ಹೂತು ನಿಂತಿತ್ತು. ಅದರ ಹಿಂದೆ ಬ್ಯಾಟರಾಯಪ್ಪ, ಮುನಿಕೃಷ್ಣಮ್ಮ, ಇಬ್ಬರ ನಡುವೆ ಸೀರೆ ಎತ್ತಿ ಕಟ್ಟಿದ ಶಿವಲಿಂಗವ್ವ. ಮೊಣಕಾಲವರೆಗೆ ಕೆಸರು. “ಹೂಂ, ಈಗ” ಎನ್ನುತ್ತಿದ್ದವಳು ಅವಳೇ. ಮುನಿಕೃಷ್ಣಮ್ಮ ಏನೋ ಅಂದಳು. ಶಿವಲಿಂಗವ್ವ ನಕ್ಕಳು. ನಕ್ಕು ನಕ್ಕು ಆಟೋಕ್ಕೆ ಹಣೆ ಆನಿಸಿದಳು.

ಸಂಗಪ್ಪ ಕಾರು ನಿಲ್ಲಿಸಿದ. ಮದುವೆಯಾಗಿ ಆರು ವರ್ಷ. ಅವಳು ಹೀಗೆ ನಗುವುದನ್ನು ಅವನು ಕಂಡಿರಲಿಲ್ಲ. ಅವಳು ತಳ್ಳುವಾಗಲೆಲ್ಲ ಅವನ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಸೆರಗಿನ ಒಂದು ಚೂರು ಮಾತ್ರ.

ಆಟೋ ಕೆಸರಿನಿಂದ ಎದ್ದು ಹೋಯಿತು. ಈಗ ಎಲ್ಲರ ಕಣ್ಣೂ ಕಾರಿನ ಮೇಲೆ. ಸಂಗಪ್ಪ ಗೇರ್ ಹಾಕಿದ. ಕಾರು ಬಾಲ ಮುಂದಾಗಿ, ಒಂದು ಹನಿ ಎರಚದೆ, ಕೆಸರು ದಾಟಿ ಬಾಗಿಲ ಮುಂದೆ ನಿಂತಿತು.

ಅವನು ಇಳಿದು ಹೆಂಡತಿಯ ಮುಖ ನೋಡಿದ. ಅವಳ ನಗು ನಿಂತುಹೋಗಿತ್ತು.

“ಖರೇನ ಮಾಡೇಬಿಟ್ರಲ್ರಿ,” ಎಂದಳು. “ಬರೇ ಚಾಷ್ಟಿಗೆ ಹೇಳಿ ಕಳಿಸೀರಿ ಅಂತ ತಿಳಿದಿದ್ದೆ. ಖರೇ ಇದ್ರೂ ಇನ್ನೂ ಮುಗಿದಿರಲಿಕ್ಕಿಲ್ಲ, ತಪ್ಪಿಸೂಣು ಅಂತ ಓಡಿ ಬಂದೆ.”

“ನೀ ದಬ್ಬಿ ಬ್ಯಾಸತ್ತು ಹೋದಿ ಅಂತ…”

“ನನ್ನ ತಂಗಿ ಬಾಣಂತನಕ್ಕ ಹೋಗಿದ್ದೆ. ಗಂಡು ಹುಟ್ಟೇತಿ. ಈ ಗಲ್ಲಿಗೆಲ್ಲಾ ಗೊತ್ತೈತಿ.”

ಸಂಗಪ್ಪ ತಿರುಗಿ ನೋಡಿದ. “ಊಂ, ನಂಗೇಳೇ ಓಗಿದ್ಳು,” ಎಂದಳು ಮುನಿಕೃಷ್ಣಮ್ಮ. “ನೀವೊಂದಿನ ಕೇಳ್ಲಿಲ್ಲ, ನಾನ್ಯಾಕೇಳ್ಲಿ?”

“ಇಡೀ ದಿನದಾಗ ನಾ ನಾಕ ಮಂದಿ ಜೋಡಿ ಮಾತಾಡೂದು ಕಾರು ದಬ್ಬೂವಾಗ ಅಷ್ಟ,” ಎಂದಳು ಶಿವಲಿಂಗವ್ವ. “ಮನ್ಯಾಗ ನೀವಂತೂ ಮಾತಾಡಂಗಿಲ್ಲ. ಇನ್ನ ದಬ್ಬೂದು ಇಲ್ಲಂದ್ರ ನಾ ಇಲ್ಲಿದ್ದು ಏನ್ ಮಾಡ್ಲಿ? ಮೊದಲಿನಂಗ ಮಾಡಸ್ರಿ. ಆಮ್ಯಾಲೆ ಚೀಲ ಬಿಚ್ಚತೀನಿ.”

ಬ್ಯಾಟರಾಯಪ್ಪ ಹೊಸ ಬೀಡಿ ಹಚ್ಚಿದ. ಬೆಳಗಿನಿಂದ ಅವನ ಮುಖಕ್ಕೆ ಮೊದಲ ಸಲ ಕಳೆ ಬಂದಿತು.

ಖಾದರ್ ಬಾಷಾ ಕಾರಿನ ಕೆಳಗೆ ನುಗ್ಗಿ ಮುಂದಿನ ಶಾಫ್ಟು ಬಿಚ್ಚಿ ಹೊರಗೆಸೆದ. ಶಿವಲಿಂಗವ್ವ ಚೀಲ ಬಿಚ್ಚಿದಳು. ಗ್ಯಾರೇಜಿನಲ್ಲಿ ಬೇರೆ ಗಾಡಿಗಳು ಕಾಯುತ್ತಿವೆ, ಮಗುಚಿದ ಆಕ್ಸಲ್ಲುಗಳನ್ನು ಸೀದಾ ಮಾಡಲು ಇನ್ನೊಂದು ತಿಂಗಳಾದರೂ ಬೇಕು ಎಂದು ಹೇಳಿ ಖಾದರ್ ಬಾಷಾ ಸ್ಪ್ಯಾನರು ಒರೆಸಿಕೊಂಡ.

ಮರುದಿನ ಬೆಳಿಗ್ಗೆ ಸಂಗಪ್ಪ ಕೆಲಸಕ್ಕೆ ಹೊರಟ. ಕಾರು ಕೆಸರಿಗೆ ಇಳಿಯಿತು, ಹಿಂದಿನ ಎರಡು ಗಾಲಿಗಳು ಇದ್ದಲ್ಲೇ ರುಬ್ಬಿದವು. ಮೂವರೂ ಅಂಗೈ ಉಜ್ಜಿಕೊಂಡು ಎಂದಿನಂತೆ ಹಿಂದೆ ಹೋದರು.

“ಅಲ್ಲ ಬ್ಯಾಟರಾಯಪ್ಪನೋರೆ,” ಎಂದ ಸಾಮಾನು ಒಯ್ಯಲು ಬಂದಿದ್ದ ಖಾದರ್ ಬಾಷಾ, “ಗಾಡಿ ಈಗ ಹಿಂದಕ್ಕೆ ಹೋಗೋದು. ಮುಂದ್ಗಡೆ ಬಂದು ತಳ್ರಿ.”

ಮೂವರೂ ಮುಂದೆ ಬಂದು ಬಾನೆಟ್ಟಿಗೆ ಕೈ ಹಚ್ಚಿದರು. ಗಾಜಿನ ಆಚೆ, ಮಾರು ದೂರದಲ್ಲಿ, ಶಿವಲಿಂಗವ್ವನ ಮುಖ ನೇರ ಸಂಗಪ್ಪನ ಮುಖಕ್ಕೆ ಎದುರಾಗಿ ನಿಂತಿತು. ಅವಳು ತಳ್ಳುತ್ತಲೇ ಮಾತು ಸುರು ಮಾಡಿದಳು. ತಂಗಿಯ ಮಗುವಿನ ಮೂಗು, ಅಪ್ಪನ ಕೆಮ್ಮು, ಆರು ವರ್ಷದಿಂದ ಸೋರುವ ಅಡುಗೆಮನೆ. ಸಂಗಪ್ಪ ದಾರಿ ನೋಡಲು ಕುತ್ತಿಗೆ ಹಿಂದಕ್ಕೆ ಹೊರಳಿಸಿದ.

“ಅತ್ತಾಗ ಏನ್ ನೋಡ್ತೀರಿ? ನಾ ಇಲ್ಲಿ ಮಾತಾಡಾಕತ್ತೀನಿ.”

ಹಿಂದೆ ನೋಡಿದರೆ ಹೆಂಡತಿ ಮುನಿಯುತ್ತಾಳೆ. ಮುಂದೆ ನೋಡಿದರೆ ಹಿಂದಕ್ಕೆ ಹೋಗುವ ಕಾರು ಗಲ್ಲಿಯ ಬದಿಯ ಚರಂಡಿಗೆ ಇಳಿಯುತ್ತದೆ. ಸಂಗಪ್ಪ ಕೊಂಚ ಯೋಚಿಸಿ ಮುಂದೆ ನೋಡಿದ.

ಚರಂಡಿ ಸೊಂಟದವರೆಗೆ ಆಳವಿತ್ತು.