ಮಾರ್ಕ್ಸ್ ಕಾರ್ಡಿನ ಹಿಂದಿದ್ದ ಚೀಟಿ

ಚಿಕ್ಕಂದಿನಲ್ಲಿ ಸಾವಿನ ಬಾಗಿಲು ತಟ್ಟಿ ಬಂದು, ದೊಡ್ಡವರಾದ ಮೇಲೆ ಪದಕ ಗೆದ್ದವರ ಕಥೆಗಳು ಪತ್ರಿಕೆಯ ಆಟದ ಪುಟದಲ್ಲಿ ಆಗಾಗ ಬರುತ್ತವೆ. ಉಬ್ಬಸದ ಹುಡುಗ ಈಜುಗಾರನಾದ, ನಡೆಯಲಾರದಿದ್ದ ಹುಡುಗಿ ಓಟಗಾರ್ತಿಯಾದಳು. ಓದಿ ನಾನೂ ಕಣ್ಣೊರೆಸಿಕೊಂಡವನೇ. ಈ ಕಥೆಗಳಲ್ಲೆಲ್ಲ ಬೆನ್ನಿಗೆ ನಿಂತ ಒಬ್ಬ ಅಪ್ಪನೋ ಅಜ್ಜಿಯೋ ಇದ್ದೇ ಇರುತ್ತಾರೆ. ಆದರೆ ಅದೇ ಮನೆಯ ಮೂಲೆಯ ಕುರ್ಚಿಯಲ್ಲಿ ಕೂತು ‘ಬೇಡ, ಬೇಡ’ ಎಂದವನೂ ಒಬ್ಬ ಇರುತ್ತಾನೆ. ಅವನ ಫೋಟೊ ಯಾರೂ ಹಾಕುವುದಿಲ್ಲ. ನಮ್ಮ ಮನೆಯ ವಿಷಯದಲ್ಲಿ ಮಾತ್ರ ಪತ್ರಿಕೆಯವರು ತಪ್ಪಿ ಅವನ ಫೋಟೊವನ್ನೇ ಹಾಕಿಬಿಟ್ಟರು. ‘ತಾತನೇ ಸ್ಫೂರ್ತಿ’ ಎಂದು ಮೇಲೊಂದು ತಲೆಬರಹ ಬೇರೆ. ಆ ತಾತ ನಾನು.

ನನ್ನ ಮೊಮ್ಮಗಳು ರೂಪಾ ಈಗ ಸಂಬಳ ಪಡೆದು ಕಬಡ್ಡಿ ಆಡುವವಳು. ಅವಳ ಆಟ ಟಿ.ವಿ.ಯಲ್ಲಿ ಬರುತ್ತದೆ. ಒಂಬತ್ತು ವರ್ಷದವಳಿದ್ದಾಗ ಅವಳಿಗೆ ಗಂಟಲು ನೋವು ಬಂತು, ಆಮೇಲೆ ಕೀಲುಗಳು ಊದಿಕೊಂಡವು, ಆಮೇಲೆ ಕಾಯಿಲೆ ಹೃದಯಕ್ಕೇ ಕೈ ಹಾಕಿತು. ತಿಂಗಳುಗಟ್ಟಲೆ ಆಸ್ಪತ್ರೆ. ಹೇಗೋ ಉಳಿದು ಬಂದಳು. ಮೂರು ವಾರಕ್ಕೊಂದು ಇಂಜೆಕ್ಷನ್, ಆಟ ಓಟ ಸದ್ಯಕ್ಕೆ ಬೇಡ ಎಂದರು ಡಾಕ್ಟರು. ಅವಳ ತಾಯಿ, ನನ್ನ ಮಗಳು ಸರೋಜ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಹಾಗಾಗಿ ಕೊಡಿಗೇಹಳ್ಳಿಯಿಂದ ಹೆಬ್ಬಾಳದ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯುವ ಡ್ಯೂಟಿ ರಿಟೈರಾಗಿದ್ದ ನನಗೆ ಬಿತ್ತು. ಜೊತೆಗೆ ಶಾಲೆಗೆ ಚೀಟಿ ಬರೆಯುವ ಕೆಲಸ. ನನ್ನ ಅಕ್ಷರ ದುಂಡಗಿದೆ; ನಮ್ಮ ಬೀದಿಯ ಅರ್ಜಿಗಳನ್ನೆಲ್ಲ ಬರೆದ ಕೈ ಇದು. ತಿಂಗಳಿಗೊಂದರಂತೆ ಬರೆದೆ: ‘ಮಾನ್ಯರೇ, ಹೃದಯದ ತೊಂದರೆಯಿರುವ ನನ್ನ ಮೊಮ್ಮಗಳನ್ನು ಆಟದ ಪೀರಿಯಡ್‌ನಲ್ಲಿ ನೆರಳಿನಲ್ಲಿ ಕೂರಿಸಬೇಕಾಗಿ ವಿನಂತಿ.’ ‘ವಿನಂತಿ’ಯ ಕೆಳಗೊಂದು ಗೆರೆ ಎಳೆಯುವುದು ನನ್ನ ಶೈಲಿ.

ಇಲ್ಲಿ ಫ್ಯಾಕ್ಟರಿಯ ಮಾತು ಸ್ವಲ್ಪ ಹೇಳಬೇಕು. ಯಶವಂತಪುರದ ಕಡೆ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಾನು ಗುಮಾಸ್ತನಾಗಿದ್ದೆ. ಪೆಟ್ಟಾದ ಕೆಲಸಗಾರರಿಗೆ ಡಾಕ್ಟರು ‘ಲೈಟ್ ಡ್ಯೂಟಿ’ ಚೀಟಿ ಕೊಡುತ್ತಿದ್ದರು. ಅವರು ನನ್ನ ಸ್ಟೋರಿಗೆ ಬಂದು ಸ್ಟೂಲಿನ ಮೇಲೆ ಕೂತು ಬೋಲ್ಟು ಎಣಿಸುತ್ತಿದ್ದರು. ವಾಸಿಯಾದ ಮೇಲೆ ‘ಫಿಟ್ನೆಸ್’ ಚೀಟಿ ತಂದು ಮೆಷೀನಿಗೆ ಮರಳಬೇಕು. ಗಂಗಪ್ಪನೆಂಬವನು ಆ ಚೀಟಿಯನ್ನು ಟಿಫಿನ್ ಕ್ಯಾರಿಯರಿನ ತಳದ ಡಬ್ಬಿಯಲ್ಲಿ ಬಚ್ಚಿಟ್ಟು ಮೂರು ತಿಂಗಳು ಬೋಲ್ಟು ಎಣಿಸಿದ. ಅವನನ್ನು ಕಳ್ಳನೆಂದು ಬೈದು ಸೂಪರ್‌ವೈಸರಿಗೆ ಹಿಡಿದುಕೊಟ್ಟವನು ನಾನೇ.

ರೂಪಾಗೆ ಹನ್ನೊಂದು ತುಂಬಿದಾಗ ಹೆಬ್ಬಾಳದ ಡಾಕ್ಟರು ನನ್ನನ್ನು ಕರೆದು, “ಯಜಮಾನ್ರೇ, ಹಾರ್ಟು ಚೆನ್ನಾಗಿದೆ. ಇಂಜೆಕ್ಷನ್ ಮಾತ್ರ ನಿಲ್ಲಿಸ್ಬೇಡಿ. ಇನ್ಮೇಲೆ ಆಡ್ಲಿ ಬಿಡಿ” ಎಂದು ಶಾಲೆಗೆ ಕೊಡಲು ಚೀಟಿಯನ್ನೂ ಬರೆದುಕೊಟ್ಟರು. ಅವಳು ಇಂಜೆಕ್ಷನ್ ಕೋಣೆಯಲ್ಲಿದ್ದಳು. ಸೊಂಟ ಉಜ್ಜಿಕೊಳ್ಳುತ್ತ ಬಂದು, “ಏನಂದ್ರು ತಾತ?” ಎಂದಳು. ಆಕ್ಸಿಜನ್ ಹಾಕಿಕೊಂಡು ಮಲಗಿದ್ದ ಆ ಮಗುವೇ ನನ್ನ ಕಣ್ಣಿಗೆ ಕಟ್ಟಿತು. “ಇಂಗೇ ಉಷಾರಾಗಿರ್ಬೇಕಂತೆ ಕಣವ್ವ” ಎಂದುಬಿಟ್ಟೆ. ಚೀಟಿಯನ್ನು ಟ್ರಂಕಿನಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹಿಂದಿಟ್ಟೆ. ಅಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ. ಆ ಕಾರ್ಡನ್ನು ಈವರೆಗೆ ಮನೆಯಲ್ಲಿ ಯಾರೂ ತೋರಿಸು ಎಂದಿಲ್ಲ. ಶಾಲೆಗೆ ನನ್ನ ‘ವಿನಂತಿ’ಯ ಚೀಟಿಗಳು ಮಾತ್ರ ತಿಂಗಳು ತಿಂಗಳು ಹೋಗುತ್ತಲೇ ಇದ್ದವು. ಎರಡು ವರ್ಷದ ಮೇಲೆ ಶಾಲೆಗೆ ಬಂದ ಬೇರೊಬ್ಬ ಡಾಕ್ಟರು ಇವಳ ಹೃದಯ ಗಟ್ಟಿಯಾಗಿದೆ ಎಂದಾಗ, ಈಗಷ್ಟೇ ಗೊತ್ತಾದವನಂತೆ ದೇವರಿಗೆ ಕೈ ಮುಗಿದೆ.

ಈ ವರ್ಷ ಅವಳು ದೊಡ್ಡ ತಂಡಕ್ಕೆ ಆಯ್ಕೆಯಾದಾಗ ಪತ್ರಿಕೆಯವರು ಮನೆಗೆ ಬಂದರು. “ಮೊದ್ಲಿಂದ ಸಪೋರ್ಟ್ ಮಾಡಿದ್ದು ನೀವೇ ಅಂತೆ?” ಎಂದು ಕೇಳಿದರು. ಅಡುಗೆಮನೆಯಿಂದ ಸರೋಜ, “ಊಂ ಸಾರ್, ಆಸ್ಪತ್ರೆ ಮೆಟ್ಲು ಸವೆಸಿದ್ದೆಲ್ಲ ನಮ್ಮಪ್ಪನೇ” ಎಂದಳು. ಇಲ್ಲ ಎನ್ನಲು ನನಗೆ ಬಾಯಿತ್ತು. ನಾನು ಶಲ್ಯ ಸರಿಮಾಡಿಕೊಂಡು ಫೋಟೊಗೆ ಕೂತೆ. ಮರುದಿನ ಪಕ್ಕದ ಮನೆಯ ಮುನೇಗೌಡ ಪೇಪರು ಹಿಡಿದೇ ಬಂದ. “ಏನಣ್ಣೋ, ಮಗು ಮೆಟ್ಲಿಳಿದ್ರೆ ‘ನಿಧಾನ, ನಿಧಾನ’ ಅಂತ ಬೀದಿಗೆ ಕೇಳಂಗೆ ಕೂಗ್ತಿದ್ದೋನು, ಈಗ ಸ್ಪೂರ್ತಿ ಆಗ್ಬುಟ್ಯಾ?” ಅವನು ನಕ್ಕ. ಅಂದು ರಾತ್ರಿ ನನಗೆ ಸ್ಟೋರಿನ ಆ ಸ್ಟೂಲು ನೆನಪಾಯಿತು. ಗಂಗಪ್ಪ ಬಚ್ಚಿಟ್ಟದ್ದು ಅವನದೇ ಚೀಟಿ; ನಾನು ಬಚ್ಚಿಟ್ಟದ್ದು ಮಗುವಿನದು.

ರೂಪಾ ನಾಲ್ಕು ದಿನದ ರಜೆಗೆ ಬಂದಾಗ ಟ್ರಂಕು ತೆಗೆದು ಚೀಟಿಯನ್ನು ಅವಳ ಕೈಗಿಟ್ಟೆ. ಓದಿದಳು. ತಾರೀಖನ್ನು ಇನ್ನೊಮ್ಮೆ ನೋಡಿದಳು.

“ತಾತ, ನಾನು ಆಗ್ಲೂ ಆಡ್ತಿದ್ದೆ. ಆರನೇ ಕ್ಲಾಸಿಗೆ ಬಂದ್ಮೇಲೆ ನಿನ್ ಚೀಟಿ ಒಂದೂ ಕೊಡ್ಲಿಲ್ಲ. ಎಲ್ಲಾ ಬ್ಯಾಗಲ್ಲೇ ಇರ್ತಿದ್ವು.”

ಅಷ್ಟು ವರ್ಷದ ಭಾರ ಒಂದೇ ಸಲ ಇಳಿದಂತಾಯಿತು. “ಅಯ್ ಕಳ್ಳಿ! ಅಂಗಾದ್ರೆ ನನ್ನಿಂದ ಏನೂ ಕೆಡ್ಲಿಲ್ಲ ಅನ್ನು” ಎಂದು ನಕ್ಕೆ.

ಅವಳು ನಗಲಿಲ್ಲ. “ಹಾರ್ಟ್ ಸರಿ ಇಲ್ಲ ಅಂದ್ಕೊಂಡೇ ಆಡ್ತಿದ್ದೆ ತಾತ. ರೈಡಿಗೆ ಹೋಗೋವಾಗೆಲ್ಲ, ಇವತ್ತು ನಿಂತೋಗತ್ತೆ ಅನ್ಸೋದು. ವಾಪಸ್ ಬಂದು ಗೆರೆ ಮುಟ್ಟಿದ್ಮೇಲೆ ಎದೆ ಮೇಲೆ ಕೈ ಇಟ್ಟು ನೋಡ್ಕೋತಿದ್ದೆ, ಬಡ್ಕೋತಾ ಇದ್ಯಾ ಅಂತ. ಅದೇ ಅಭ್ಯಾಸ ಆಗೋಯ್ತು.”

ಪಾಯಿಂಟ್ ತಂದಾಗಲೆಲ್ಲ ಅವಳು ಎದೆಯ ಮೇಲೆ ಕೈಯಿಡುವುದನ್ನು ಟಿ.ವಿ.ಯಲ್ಲಿ ಅವಳ ಸ್ಟೈಲು ಎನ್ನುತ್ತಾರೆ. ನಮ್ಮ ಬೀದಿಯ ಮಕ್ಕಳು ಹಾಗೇ ಮಾಡಿ ಕುಣಿಯುತ್ತಾರೆ. ಅದು ಊರಿಗೆ ಮಾಡುವ ನಮಸ್ಕಾರ ಎಂದು ಮುನೇಗೌಡನಿಗೆ ಅರ್ಥ ಬಿಡಿಸಿ ಹೇಳಿದವನು ನಾನೇ. “ತಪ್ಪಾಯ್ತು ಕಣವ್ವ” ಎಂದೆ. ಅವಳು, “ಚೀಟಿ ನನ್ ಹತ್ರಾನೇ ಇರ್ಲಿ” ಎಂದು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಹೊರಡುವಾಗ ಎಂದಿನಂತೆ ಕಾಲಿಗೆರಗಿದಳು. ಕ್ಷಮಿಸಿದ್ದಾಳೋ ಇಲ್ಲವೋ ಕೇಳಲು ನನಗೆ ಧೈರ್ಯ ಬರಲಿಲ್ಲ.

ಮೊನ್ನೆ ಟಿ.ವಿ.ಯಲ್ಲಿ ಅವಳು ಗೆರೆ ಮುಟ್ಟಿ ಎದೆಯ ಮೇಲೆ ಕೈಯಿಟ್ಟಳು. ಜನ ಚಪ್ಪಾಳೆ ಹೊಡೆದರು. ನನ್ನ ಕೈಯೂ ನನಗೆ ಗೊತ್ತಿಲ್ಲದೆ ನನ್ನ ಎದೆಗೇ ಹೋಗಿತ್ತು. ಸರೋಜ ಗಾಬರಿಯಾಗಿ, “ಯಾಕಪ್ಪಾ, ಎದೆನೋವಾ? ನಡಿ, ಡಾಕ್ಟ್ರತ್ರ ಹೋಗಣ” ಎಂದಳು. ಬೇಡವೇ ಬೇಡವೆಂದೆ. ಆ ಡಾಕ್ಟರು ಎಲ್ಲ ಸರಿಯಾಗಿದೆ, ದಿನಾ ಬೆಳಗ್ಗೆ ಎದ್ದು ನಡೆಯಿರಿ ಎಂದು ಚೀಟಿ ಬರೆದುಕೊಟ್ಟರೆ ಏನು ಗತಿ? ಮಾರ್ಕ್ಸ್ ಕಾರ್ಡಿನ ಹಿಂದೆ ಈಗ ಜಾಗ ಖಾಲಿಯಿದೆ. ನನ್ನ ಕೈಯನ್ನು ನಾನು ನಂಬಲಾರೆ.