ಸಾಹೇಬರ ಬೆಳ್ಳಿಮುಖ

ಮನೆಯಲ್ಲಿ ತಿಕ್ಕಬಾರದ ವಸ್ತುವೊಂದಿದ್ದರೆ ಆ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಅತ್ತೆಗೆ ಮುಟ್ಟಿಸಬೇಕು. ನಮ್ಮ ಗುಮಾಸ್ತ ಹೆಂಡತಿಗೆ ಹೇಳಿದ್ದ, ಪಕ್ಕದ ಮನೆಯವರಿಗೆ ಹೇಳಿದ್ದ, ಸಂಬಂಧವೇ ಇಲ್ಲದ ಹಾಲಿನವನಿಗೂ ಹೇಳಿದ್ದ. ಅತ್ತೆ ಹಿಂದಿನ ದಿನವಷ್ಟೇ ಬಸ್ಸಿಳಿದು ಬಂದವರು, ಅವರಿಗೆ ಹೇಳುವುದು ಮರೆತುಹೋಗಿತ್ತು. ಬೆಳಗ್ಗೆ ಅವನು ಹಲ್ಲುಜ್ಜಿ ಹೊರಗೆ ಬರುವಷ್ಟರಲ್ಲಿ ಅವರು ಸೆರಗು ಸಿಕ್ಕಿಸಿ, ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಿಡಿದು, ಸಾಹೇಬರ ಪೆಟ್ಟಿಗೆಯ ಮುಖ ತೊಳೆದು ಮುಗಿಸಿದ್ದರು.

"ಎಂಥಾ ಕೊಳೆ ಅಂತೀರಿ ಅಳಿಯಂದ್ರೇ! ನೀರು ಬದಲಾಯಿಸಿ ಬದಲಾಯಿಸಿ ಸಾಕಾಯ್ತು."

ಗುಮಾಸ್ತ ಹಲ್ಲುಜ್ಜುವ ಬ್ರಷ್ಷನ್ನು ಕೈಯಲ್ಲಿ ಹಿಡಿದೇ ಪೆಟ್ಟಿಗೆಯ ಮುಂದೆ ಕುಕ್ಕರಿಸಿದ.

ಪೆಟ್ಟಿಗೆ ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳ ಆಂಪ್ಲಿಫೈಯರ್. ಸಾಹೇಬರು ಅಂದರೆ ಅವನ ಆಫೀಸಿನ ಮ್ಯಾನೇಜರು. ಅವರ ಮನೆಗೆ ಸುಣ್ಣಬಣ್ಣ ನಡೆದಿತ್ತು, ಉಳಿದ ಪೆಟ್ಟಿಗೆಗಳಿಗೆಲ್ಲ ಜಾಗ ಸಿಕ್ಕಿ ಇದೊಂದು ಉಳಿದಿತ್ತು. ಬಣ್ಣದ ವಾಸನೆಗೆ ವಾಲ್ವುಗಳ ಮನಸ್ಸು ಕೆಡುತ್ತದೆಂದು ಸಾಹೇಬರು ಚಿಂತೆಯಲ್ಲಿದ್ದಾಗ ನಮ್ಮವನೇ ಮೇಲೆ ಬಿದ್ದು, "ನಮ್ಮನೇಲಿಡಿ ಸರ್, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ" ಅಂದಿದ್ದ. "ಧೂಳು ಕೂಡ ಒರೆಸ್ಬೇಡಿ, ಆ ಧೂಳೂ ಆ ಕಾಲದ್ದೇ" ಎಂದು ಸಾಹೇಬರು ಎಚ್ಚರಿಸಿ ಕೊಟ್ಟಿದ್ದರು.

ಇಷ್ಟು ಸೇವೆಗೆ ಕಾರಣವಿತ್ತು. ಬೆಟ್ಟದಾಚೆಯ ಗೋಡೌನಿಗೆ ಒಬ್ಬರನ್ನು ವರ್ಗ ಮಾಡಬೇಕಾಗಿತ್ತು. ಒಂದೋ ಗುಮಾಸ್ತ, ಇಲ್ಲವೇ ಟೈಪಿಸ್ಟ್. ಗುಮಾಸ್ತನ ಹೆಂಡತಿ ಇದೇ ಊರಿನ ಶಾಲೆಯಲ್ಲಿ ಟೀಚರು. ಅವನು ಗೋಡೌನಿಗೆ ಹೋದರೆ ಅವಳು ಕೆಲಸ ಬಿಡಬೇಕು, ಬಿಡದಿದ್ದರೆ ಇವನು ಕೈ ಸುಟ್ಟುಕೊಂಡು ಅಡಿಗೆ ಮಾಡಿಕೊಳ್ಳಬೇಕು. ಎರಡನ್ನೂ ನೆನೆಸಿಕೊಂಡರೆ ಅವನಿಗೆ ಅಳು ಬರುತ್ತಿತ್ತು.

ಸಾಹೇಬರ ಕೈಕೆಳಗೆ ಕೆಲಸ ಮಾಡುವವರಿಗೆ ರಜೆಯ ನಿಯಮ ಗೊತ್ತಿಲ್ಲದಿದ್ದರೂ ನಡೆಯುತ್ತಿತ್ತು, ಪೆಟ್ಟಿಗೆಗಳ ಕಾಲಮಾನ ಮಾತ್ರ ಬಾಯಿಪಾಠವಾಗಿರಬೇಕಿತ್ತು. ಮೊದಲು ಹಳದಿ ಬಟ್ಟೆ ಸುತ್ತಿದ ಕಾಲ. ಆ ಪೆಟ್ಟಿಗೆಗಳು ಸ್ವಲ್ಪ ಜೋರು ಮಾಡಿದರೂ ಗಂಟಲು ಕಟ್ಟಿದವರಂತೆ ಹಾಡುತ್ತವೆ, ಹಾಗೆ ಹಾಡುವುದೇ ಅವುಗಳ ಹೆಚ್ಚುಗಾರಿಕೆ. ಆಮೇಲೆ ಮುಂಭಾಗದ ತಗಡಿಗೆ ಕಂದು ಬಳಿದ ಕಂದು ಮುಖದ ಕಾಲ, ಅದರ ನಂತರ ಕಪ್ಪು ಮುಖದ ಕಾಲ. ಕಪ್ಪು ಮುಖದ್ದೆಂದರೆ ಬೆಚ್ಚಗಿನ, ದುಂಡನೆಯ ನಾದ, ಅದರ ಹೆಸರೆತ್ತಿದರೆ ಸಾಹೇಬರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಗೆ ಬಂದದ್ದು ಬೆಳ್ಳಿ ಮುಖದ ಕಾಲ. ಸದ್ದು ಜೋರು, ಸ್ವಚ್ಛ, ಆದರೆ ತಣ್ಣಗೆ. ಸಾಹೇಬರ ದುರದೃಷ್ಟಕ್ಕೆ ಅವರಿಗೆ ಸಿಕ್ಕಿದ್ದು ಬೆಳ್ಳಿ ಮುಖದ್ದು. "ಬೆಳ್ಳಿ ಮುಖದ ಮೊದಲನೇ ವರ್ಷದ್ದು ಕಣ್ರೀ. ಮುಖ ಮಾತ್ರ ಹೊಸದು, ಹೊಟ್ಟೆಯೆಲ್ಲಾ ಹಳೇದೇ" ಎಂದು ಕಂಡಕಂಡವರಿಗೆಲ್ಲ ಹೇಳಿ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಈಗ ಆ ಬೆಳ್ಳಿ ಬಣ್ಣ ಎದ್ದುಹೋಗಿತ್ತು. ಸದ್ದು ಏರಿಸಿ ಇಳಿಸುವ ಗುಂಡಿಗಳ ಸುತ್ತ ಇದ್ದ ಅಂಕಿಗಳು ಚರಂಡಿ ಸೇರಿದ್ದವು. ಮುಂದಿನ ಬಟ್ಟೆ ಹರಿದಿತ್ತು, ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಬೇರೆ ದಾರಿ ಕಾಣದೆ ಅವನು ಆಫೀಸಿಗೆ ಹೋದ. ಸಾಹೇಬರು ಬಾಗಿಲಲ್ಲೇ ಹಿಡಿದರು. "ಸಂಜೆ ನಿಮ್ಮನೆಗೆ ಬರ್ತೀವಿ. ಕಿವಿಯವರೂ ಬರ್ತಾರೆ."

ಕಿವಿಯವರು ಅಂದರೆ ಹಳೇ ಪೆಟ್ಟಿಗೆಗಳ ಲೋಕದಲ್ಲಿ ಸುಪ್ರೀಂ ಕೋರ್ಟು. ಕಣ್ಣು ಮುಚ್ಚಿ ಕೇಳಿ ಯಾವ ಕಾಲದ್ದೆಂದು ಹೇಳಿಬಿಡುತ್ತಾರೆಂದು ಪ್ರಸಿದ್ಧಿ. ಸಾಹೇಬರ ಮನೆಯ ಉಳಿದ ಪೆಟ್ಟಿಗೆಗಳನ್ನೆಲ್ಲ ಪಾಸು ಮಾಡಿದವರೂ ಅವರೇ. "ಮೊದಲನೇ ವರ್ಷದ್ದು ಅಂತ ಅವರ ಬಾಯಲ್ಲಿ ಬಂದ್ರೆ ಸಾಕು" ಅಂದ ಸಾಹೇಬರು ದನಿ ತಗ್ಗಿಸಿ, "ಗೋಡೌನಿನ ವಿಷ್ಯ ಆಮೇಲೆ ಮಾತಾಡೋಣ" ಎಂದು ನಕ್ಕರು.

ಗುಮಾಸ್ತ ಮನೆಗೆ ಫೋನು ಮಾಡಿದ.

"ಗಾಬರಿಯಾಗ್ಬೇಡ್ರೀ" ಅಂದಳು ಹೆಂಡತಿ. "ಕೆಳಗಡೆ ಮನೆ ಪೇಂಟರಣ್ಣ ಪೆಟ್ಟಿಗೆಗೆ ಬಣ್ಣ ಹೊಡೀತಿದಾರೆ. ಅಮ್ಮ ಬಟ್ಟೆ ಹೊಲೀತಿದಾರೆ. ನಾನು ಕೂದಲು ಒಣಗಿಸೋ ಮೆಷಿನ್ ಹಿಡಿದು ಕೂತಿದೀನಿ, ಸ್ಕೂಲಿಗೆ ರಜೆ ಹಾಕಿ."

ಹೊಟ್ಟೆನೋವೆಂದು ಹೇಳಿ ಅವನು ಬೇಗ ಹೊರಟ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಪೆಟ್ಟಿಗೆಯ ಮುಖ ಕಾಡಿಗೆಯಷ್ಟು ಕಪ್ಪಗಿತ್ತು.

"ಬೆಳ್ಳಿ ಬಣ್ಣ ಖಾಲಿಯಾಗಿತ್ತು ಸಾರ್" ಅಂದ ಪೇಂಟರು, ಕುಂಚ ಒರೆಸುತ್ತ. "ಆದ್ರೆ ಕಪ್ಪಿನ ಮೇಲೆ ಬಿಳಿ ಅಕ್ಷರ ಅಂದ್ರೆ ನನ್ ಕೈ ಪಳಗಿದೆ. ದಿನಾ ನಂಬರ್ ಪ್ಲೇಟ್ ಬರೀತೀನಲ್ಲ. ನೋಡಿ, ಒಂದರಿಂದ ಹತ್ತು ಎಷ್ಟು ಮುದ್ದಾಗಿ ಬಂದಿದೆ!"

"ಬಟ್ಟೆನೂ ನೋಡಿ ಅಳಿಯಂದ್ರೇ" ಅಂದರು ಅತ್ತೆ. "ಇವಳ ಪಾರ್ಟಿ ಗೌನಿಂದು ಉಳಿದಿತ್ತು. ಬೆಳ್ಳಿ ಎಳೆ ಇರೋದು. ಮುಂಚಿನ ಗೋಣಿಗಿಂತ ಲಕ್ಷಣವಾಗಿದೆ."

ಗುಮಾಸ್ತ ಗಡಿಯಾರ ನೋಡಿದ, ಸಾಹೇಬರು ಬರುವ ಹೊತ್ತಾಗಿತ್ತು. ಹೆಂಡತಿಯೇ ಉಪಾಯ ಹೇಳಿದಳು. "ಅವರು ಕಣ್ಣು ಮುಚ್ಚಿ ತಾನೇ ಕೇಳೋದು? ದೀಪ ಆರಿಸ್ಬಿಡಿ. ಕೇಳಿ ಹೋಗ್ಲಿ. ನಾಳೆ ಬೆಳ್ಳಿ ಬಣ್ಣ ತಂದು ಸರಿ ಮಾಡೋಣ."

ಸಂಜೆ ಬಾಗಿಲ ಗಂಟೆ ಬಾರಿಸಿತು. ಸಾಹೇಬರು ಗಿಟಾರು ಹೊತ್ತು ಬಂದರು. ಹಿಂದೆ ಕಿವಿಯವರು. ಸಣಕಲು ಆಳು, ಎರಡು ಕಿವಿಗೂ ಹತ್ತಿ ಇಟ್ಟುಕೊಂಡಿದ್ದರು, ಬೀದಿಯ ಗದ್ದಲ ಒಳಗೆ ಹೋಗಿ ಕಿವಿ ಮೈಲಿಗೆಯಾಗದಿರಲೆಂದು. ನಡುಮನೆ ಕತ್ತಲೆಯಾಗಿತ್ತು.

"ದೀಪ ಬೇಡ ಅಂದ್ಕೊಂಡೆ ಸರ್. ಕಣ್ಣಿಗೆ ಕಂಡ್ರೆ ಕಿವಿಗೆ ಅಡ್ಡಿ ಅಲ್ವಾ?" ಅಂದ ಗುಮಾಸ್ತ.

"ಭೇಷ್!" ಅಂದರು ಕಿವಿಯವರು. "ಇಂಥ ಸಂಸ್ಕಾರ ಇರೋರು ಅಪರೂಪ." ಸಾಹೇಬರು ಕತ್ತಲಲ್ಲೇ ಅವನ ಬೆನ್ನು ತಟ್ಟಿದರು, ಗೋಡೌನು ಟೈಪಿಸ್ಟ್ ಕಡೆಗೆ ಸರಿದಂತೆ ಅವನಿಗನ್ನಿಸಿತು.

ಕಿವಿಯವರು ಹತ್ತಿ ತೆಗೆದರು. ಸಾಹೇಬರು ತಂತಿ ಮೀಟಿದರು. ಬೆಳಗ್ಗೆ ನೆನೆದಿದ್ದ ಸ್ಪೀಕರಿನ ಕಾಗದ ಇನ್ನೂ ಪೂರ್ತಿ ಒಣಗಿರಲಿಲ್ಲ. ಸದ್ದು ಕಂಬಳಿಯೊಳಗಿಂದ ಬಂದಂತೆ ಮೆತ್ತಗೆ, ಮಂದವಾಗಿ ಬಂತು. ಕಿವಿಯವರು ಉಸಿರು ಬಿಗಿಹಿಡಿದರು. ಇನ್ನೊಮ್ಮೆ ನುಡಿಸಲು ಹೇಳಿದರು. ಆಮೇಲೆ ಒಂದು ನಿಟ್ಟುಸಿರು ಬಿಟ್ಟರು.

"ಇದು ಬೆಳ್ಳಿ ಮುಖದ್ದಲ್ಲ. ಇಷ್ಟು ಬೆಚ್ಚಗಿನ ದನಿ ಬೆಳ್ಳಿ ಮುಖದ್ದಕ್ಕೆ ಎಲ್ಲಿಂದ ಬರ್ಬೇಕು? ಅಪ್ಪಟ ಕಪ್ಪು ಮುಖದ್ದು."

ಸಾಹೇಬರು ನಕ್ಕುಬಿಟ್ಟರು. "ಸರ್, ಇದೇ ಮೊದಲ ಸಲ ನೀವು ತಪ್ಪಿದ್ದು. ಇದು ನನ್ನದೇ ಪೆಟ್ಟಿಗೆ!" ಎನ್ನುತ್ತ, ಗುಮಾಸ್ತ ಅಡ್ಡ ಬರುವ ಮುಂಚೆಯೇ ದೀಪ ಹಾಕಿದರು.

ಕಪ್ಪು ಮುಖ ಥಳಥಳಿಸಿತು. ಬಿಳಿ ಅಂಕಿಗಳು ಮಿಂಚಿದವು. ಬೆಳ್ಳಿ ಎಳೆಯ ಬಟ್ಟೆ ಮಿರುಗಿತು.

ಕಿವಿಯವರು ಎದೆ ಸೆಟೆಸಿದರು. ಸಾಹೇಬರ ನಗು ಹಾಗೇ ಬಾಯಲ್ಲಿ ಉಳಿಯಿತು. "ಹಾಗಾದ್ರೆ..." ಅಂದರು, ಗುಮಾಸ್ತನ ಕಡೆ ತಿರುಗಿ, "ನನ್ನದು ಎಲ್ರೀ?"

"ಇದೇ ಸರ್ ನಿಮ್ಮದು! ಅತ್ತೆ ತಿಕ್ಕಿಬಿಟ್ರು, ಬಣ್ಣ ಹೋಯ್ತು, ಕಪ್ಪು ಬಳಿಸಿದ್ವಿ..."

"ಹೌದು ಸ್ವಾಮಿ, ನಾನೇ ತಿಕ್ಕಿದ್ದು" ಅಂದರು ಅತ್ತೆ.

"ಅಳಿಯನ್ನ ಉಳಿಸೋಕೆ ಇಷ್ಟೂ ಹೇಳ್ದಿದ್ರೆ ಅವರೆಂಥ ಅತ್ತೆ!" ಅಂದರು ಕಿವಿಯವರು, ಮೆಚ್ಚುಗೆಯಿಂದ.

"ಬರೆದೋನು ನಾನೇ" ಎಂದು ಪೇಂಟರು ಬಾಗಿಲಲ್ಲಿ ಕೈ ಎತ್ತಿದ. "ಇನ್ನೂ ಹಸಿ ಇದೆ, ಬೇಕಾದ್ರೆ ಮುಟ್ಟಿ ನೋಡಿ."

ಕಿವಿಯವರು ಮುಟ್ಟಿದರು. ಬೆರಳು ಕಪ್ಪಾಯಿತು. ಅದನ್ನು ದೀಪದ ಬೆಳಕಿಗೆ ಹಿಡಿದು, ಮೂಸಿ, ಗಂಭೀರವಾಗಿ ತಲೆಯಾಡಿಸಿದರು. "ಆ ಕಾಲದ ಬಣ್ಣವೇ ಹೀಗೆ. ಸೆಕೆಗೆ ಬೆವರುತ್ತೆ." ಆಮೇಲೆ ಸಾಹೇಬರನ್ನು ದಿಟ್ಟಿಸಿದರು. "ನೋಡಿ, ಇವರ ಮಾತು ನಿಜ ಅನ್ನೋದಾದ್ರೆ ನನ್ನ ಕಿವಿ ಸುಳ್ಳು. ನನ್ನ ಕಿವಿ ಸುಳ್ಳಾದ್ರೆ ನಿಮ್ಮನೇಲಿ ನಾನು ಪಾಸು ಮಾಡಿದ ಪೆಟ್ಟಿಗೆಗಳೆಲ್ಲ ಏನಾಗ್ತವೆ, ನೀವೇ ಯೋಚ್ನೆ ಮಾಡಿ."

ಸಾಹೇಬರು ಯೋಚಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಅವರ ಮುಖ ಕೆಂಪಗಾಯಿತು.

"ಗುಮಾಸ್ತನ ಮನೇಲಿ ಕಪ್ಪು ಮುಖ, ಮ್ಯಾನೇಜರ ಮನೇಲಿ ಬೆಳ್ಳಿ ಮುಖ! ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ ನೀವು! ಅದೂ ಸಾಲ್ದೂಂತ ನನ್ನದನ್ನೂ ಹೊಡೆದ್ರಾ?"

"ಸರ್, ಇದನ್ನೇ ತಗೊಂಡು ಹೋಗಿ ಸರ್, ಕೈ ಮುಗೀತೀನಿ..."

"ನಿಮ್ಮ ಕಪ್ಪು ಮುಖ ಯಾರಿಗೆ ಬೇಕು? ನನ್ನ ಬೆಳ್ಳಿ ಮುಖ ನನಗೆ ಬೇಕು!" ಸಾಹೇಬರು ಗಿಟಾರು ಹೆಗಲಿಗೇರಿಸಿದರು. ಬಾಗಿಲ ಹತ್ತಿರ ನಿಂತು ಬೆರಳೆತ್ತಿ ಹೇಳಿದರು. "ಅದು ಸಿಗೋವರೆಗೂ ನೀವು ಈ ಊರು ಬಿಟ್ಟು ಕದಲೋ ಹಾಗಿಲ್ಲ. ಗೋಡೌನಿಗೆ ಟೈಪಿಸ್ಟ್ ಹೋಗ್ಲಿ."

ಹೆಂಡತಿಯ ಮುಖ ಅರಳಿತು. ಅತ್ತೆ ಮೇಲೆ ನೋಡಿ ಕೈ ಮುಗಿದರು. ಗುಮಾಸ್ತನಿಗೂ ಒಂದು ಕ್ಷಣ ಹೋದ ಜೀವ ಬಂದಂತಾಯಿತು.

"ನಾಳೆಯಿಂದ ನಿಮ್ಮ ಮೇಜು ನನ್ನ ರೂಮಿನೊಳಗೆ, ನನ್ನ ಕಣ್ಣೆದುರಿಗೆ" ಅಂದರು ಸಾಹೇಬರು. "ಬೆಳಗ್ಗೆಯಿಂದ ಸಂಜೆವರೆಗೂ ಬೆಳ್ಳಿ ಮುಖ ಅಂದ್ರೇನು, ನೀವು ಕಳೆದಿದ್ದು ಎಂಥದ್ದು ಅಂತ ನಾನು ಹೇಳ್ತೀನಿ, ನೀವು ಕೇಳ್ತೀರಿ. ಮೊದಲು ಹಳದಿ ಬಟ್ಟೆ ಕಾಲದಿಂದ ಶುರು ಮಾಡೋಣ."

ಅವರು ಮೆಟ್ಟಿಲಿಳಿಯತೊಡಗಿದರು. ಗುಮಾಸ್ತ ಚಪ್ಪಲಿಯೂ ಮೆಟ್ಟದೆ ಹಿಂದೆಯೇ ಓಡಿದ.

"ಸರ್! ನನ್ನನ್ನ ಗೋಡೌನಿಗೇ ಹಾಕ್ಬಿಡಿ ಸರ್!"

"ನೋಡಿದ್ರಾ?" ಅಂದರು ಸಾಹೇಬರು, ಕಿವಿಯವರ ಕಡೆ ತಿರುಗಿ. "ಮಾಲು ಅಲ್ಲೇ ಬಚ್ಚಿಟ್ಟಿದಾನೆ."